ತುಪ್ಪ ಹಿಡಿಯುವ ಮೂಗು

ನಾನು ಹಾಲು, ಮೊಸರು, ತುಪ್ಪ ಬಿಟ್ಟು ವೀಗನ್ ಆದಾಗ ಅತ್ತಿಗುಪ್ಪೆಯ ನಮ್ಮ ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಅಮ್ಮ ಕೇಳಿದ್ದು ಇಷ್ಟೇ: "ನಾವು ಮೊದಲಿಂದ್ಲೂ ವೆಜ್ಜೇ ಅಲ್ವೇನೇ? ಇನ್ನೇನಿದೆ ಬಿಡೋಕೆ?" ಕರುವಿನ ಪಾಲು ನನಗೆ ಬೇಡ ಅಂದೆ. "ಸರಿ" ಅಂದಳು. ಅಷ್ಟು ಬೇಗ ಸರಿ ಅಂದಾಗಲೇ ನನಗೆ ಅನುಮಾನ ಬರಬೇಕಿತ್ತು.

ಬೆಂಡೆಕಾಯಿ ಪಲ್ಯದ ಲೋಳೆ ಹೋಗಲು ಒಂದು ಚಮಚ ಮೊಸರು. ಚಪಾತಿ ಮೆತ್ತಗಿರಲಿ ಅಂತ ಹಿಟ್ಟಿಗೆ ಒಂದಿಷ್ಟು ಹಾಲು. ಬಾಳೆಹೂವು ಕಪ್ಪಾಗಬಾರದಲ್ಲ, ಅದಕ್ಕೆ ಮಜ್ಜಿಗೆ ನೀರು. ಸಾರಿನ ಒಗ್ಗರಣೆಯಂತೂ ತುಪ್ಪದ್ದೇ. ಕೇಳಿದರೆ "ಎಲ್ಲಿ ಕಾಣಿಸ್ತು ನಿಂಗೆ?" ಅನ್ನುವಳು. ಕಾಣದ ಮೇಲೆ ಇಲ್ಲವೆಂದೇ ಅವಳ ಲೆಕ್ಕ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ನಮ್ಮ ಮನೆಯ ಬೆಕ್ಕು ನನಗೂ ಕುಡಿಸುತ್ತಿತ್ತು. ನಾನೋ ಮೊದಲೇ ಮುಂಗೋಪಿ. ತಟ್ಟೆ ಬಿಟ್ಟು ಎದ್ದದ್ದೂ ಉಂಟು. "ತಿಂದಿದ್ದು ಮೈಗೆ ಹತ್ತಬೇಡ್ವಾ? ಗಾಳಿ ಬಂದ್ರೆ ಹಾರಿ ಹೋಗೋ ಹಾಗಿದೀಯ" ಎಂದು ಅವಳೂ ಗೊಣಗುವಳು.

ಅವಳನ್ನು ತಿದ್ದಿದ್ದು ನಾನಲ್ಲ, ರಾಜಾಜಿನಗರದ ಒಂದು ಬೇಕರಿ. ಅಲ್ಲಿನ ವೆಜ್ ಪಫ್ ಅಂದರೆ ಅಮ್ಮನಿಗೆ ಪ್ರಾಣ. ಒಂದು ಸಂಜೆ ಅವಳು ತಿನ್ನುತ್ತಿದ್ದಾಗ, ಮೇಲೆ ಹೊಳೆಯುವ ಹಾಗೆ ಏನು ಹಚ್ಚುತ್ತೀರಿ ಎಂದು ಸುಮ್ಮನೆ ಕೇಳಿದೆ. ಹಾಲು ಅನ್ನುತ್ತಾರೆ ಎಂದುಕೊಂಡಿದ್ದೆ.

"ಮೊಟ್ಟೆ ಮೇಡಂ. ಇಲ್ದಿದ್ರೆ ಆ ಬಣ್ಣ ಬರಲ್ಲ," ಅಂದರು ಗಲ್ಲಾದಲ್ಲಿ ಕೂತವರು.

ಮೊಟ್ಟೆಯ ಹೆಸರೆತ್ತಿದರೇ ಮುಖ ತಿರುಗಿಸುವ ಅಮ್ಮ ಅರ್ಧ ತಿಂದ ಪಫ್ ಹಿಡಿದು ನಿಂತುಬಿಟ್ಟಳು. ಮೆಟ್ರೋ ಹತ್ತಿದ ಮೇಲೆ, "ಇಷ್ಟು ವರ್ಷ ನಂಗೆ ಹೇಳ್ದೇ ತಿನ್ಸಿದಾರಲ್ಲೇ," ಅಂದಳು. ನಾನು ಅವಳ ಮುಖ ನೋಡಿದೆ. "ಹಾಗೆ ನೋಡಬೇಡ," ಅಂದಳು. ಮರುದಿನದಿಂದ ಸಾರಿಗೆ ಕಡಲೆಕಾಯಿ ಎಣ್ಣೆಯ ಒಗ್ಗರಣೆ ಬಿತ್ತು.

ಅಲ್ಲಿಂದ ಅವಳೇ ನನಗೆ ಕಾವಲು. ಅಂಗಡಿಯಲ್ಲಿ ಬಿಸ್ಕತ್ತಿನ ಪೊಟ್ಟಣ ತಿರುಗಿಸಿ, ಕನ್ನಡಕ ಏರಿಸಿ, "ಹಸಿರು ಚುಕ್ಕಿ ಇದ್ರೇನು, ಒಳಗೆ ಹಾಲಿನ ಪುಡಿ ಹಾಕಿದಾರೆ" ಎಂದು ಅಂಗಡಿಯವರನ್ನೇ ಗದರುವಳು. ಮದುವೆ ಮನೆಗಳಲ್ಲಿ ನನ್ನ ಪಕ್ಕದಲ್ಲೇ ಕೂರುವಳು. ಎಲೆಯ ಮುಂದೆ ಕೂತು ಮೂಸಬಾರದು ಎಂದು ನಮಗೆಲ್ಲ ಕಲಿಸಿದವಳೇ ಬಡಿಸಿದ್ದನ್ನೆಲ್ಲ ಮೂಸಿ, ಚೂರು ನಾಲಿಗೆಗಿಟ್ಟು ತೀರ್ಪು ಕೊಡುವಳು. "ಕೂಟು ಮುಟ್ಟಬೇಡ, ಕೊನೇಲಿ ಹಾಲು ಹಾಕಿದಾರೆ." "ಬಾಳಕದ ಮೆಣಸಿನಕಾಯಿ ಮಜ್ಜಿಗೇಲಿ ನೆನೆಸಿದ್ದಲ್ವಾ, ಮರೆತ್ಯಾ?" ಜೀವನವಿಡೀ ತಾನೇ ಬಚ್ಚಿಟ್ಟವಳಿಗೆ ಬೇರೆಯವರು ಎಲ್ಲೆಲ್ಲಿ ಬಚ್ಚಿಡುತ್ತಾರೆ ಅಂತ ಗೊತ್ತಿರುವುದಿಲ್ಲವೇ? ಕಳ್ಳನ ಕೈಗೇ ಬೀಗದ ಕೈ ಕೊಟ್ಟೆ ಎಂದು ರೇಗಿಸುತ್ತಿದ್ದೆ. ಆದರೆ ಅವಳ ಪಕ್ಕದಲ್ಲಿ ಕೂತು ಉಂಡಷ್ಟು ನಿಶ್ಚಿಂತೆಯಿಂದ ನಾನು ಬೇರೆಲ್ಲೂ ಉಂಡಿಲ್ಲ.

ಮೊನ್ನೆ ಕೆಂಗೇರಿಯಲ್ಲಿ ಚಿಕ್ಕಮ್ಮನ ಮನೆಯ ಗೃಹಪ್ರವೇಶ. ಊಟಕ್ಕೆ ಕೂತೆವು, ತೊವ್ವೆ ಬಂತು. ಅಮ್ಮ ಮೂಸಿದಳು, ನಾಲಿಗೆಗಿಟ್ಟಳು. "ತಿನ್ನು, ಬರೀ ಬೇಳೆ." ಅನ್ನಕ್ಕೆ ಕಲಸಿ ತುತ್ತು ಬಾಯಿ ಹತ್ತಿರ ತಂದರೆ ಘಮ್ಮೆಂದು ತುಪ್ಪ! ಎರಡು ಎಲೆ ಆಚೆ ಕೂತವರಿಗೂ ಬಡಿಯುವಂಥ ತುಪ್ಪ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅನ್ನುವುದು ಇದಕ್ಕೇ ಎಂದು ನನಗೆ ಉರಿದುಹೋಯಿತು.

"ಮತ್ತೆ ಶುರು ಮಾಡಿದ್ಯಾ? ನಿನ್ನನ್ನ ನಂಬಿ ಕೂತಿದ್ನಲ್ಲ," ಎಂದು ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದೆ.

ಅಮ್ಮ ವಾದ ಮಾಡಲಿಲ್ಲ. ಅವಳು ವಾದ ಮಾಡದೇ ಇರುವುದೆಂದರೆ ಏನೋ ಸರಿಯಿಲ್ಲವೆಂದೇ ಅರ್ಥ. ಬಗ್ಗಿ ಇನ್ನೊಮ್ಮೆ ಮೂಸಿದಳು. "ತುಪ್ಪ ಇದ್ಯಾ?"

"ಗೊತ್ತಾಗ್ತಿಲ್ವಾ ನಿಂಗೆ?"

"ಇಲ್ಲ ಕಣೇ. ಆ ಜ್ವರ ಬಂದು ಹೋದ್ಮೇಲೆ ಯಾವ ವಾಸನೇನೂ ಇಲ್ಲ. ಕಾಫಿನೂ ಬಿಸಿನೀರೇ."

ಜ್ವರ ಬಂದು ತಿಂಗಳುಗಳೇ ಆಗಿದ್ದವು. ಅಷ್ಟು ದಿನವೂ ಬರೀ ಕೈ ಅಳತೆಯಲ್ಲಿ ಅಡುಗೆ ಮಾಡಿದ್ದಳು, ಒಮ್ಮೆಯೂ ಹದ ತಪ್ಪಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ಇನ್ನು ನನ್ನನ್ಯಾಕೆ ಕೇಳ್ತಿದ್ದೆ? ನಿನ್ನ ಊಟದಲ್ಲಿ ನಂಗೆ ಉಳಿದಿದ್ದು ಅದೊಂದೇ ಕೆಲಸ."

ಪಂಕ್ತಿಯ ನಡುವೆಯೇ ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು, ಕೈಯೆಲ್ಲ ಅನ್ನವಾಗಿತ್ತು. ಕಲಸಿದ್ದನ್ನು ಎಲೆಯ ಅಂಚಿಗೆ ಸರಿಸಿದೆ. ಅಮ್ಮ ಅದನ್ನೇ ನೋಡುತ್ತಿದ್ದಳು. ಸಂಕೋಚದಿಂದ ಕೇಳಿದಳು: "ಚೆನ್ನಾಗಿದ್ಯಾ ತುಪ್ಪ?"

ಅವಳ ಎಲೆಯ ಮೇಲೆ ಬಗ್ಗಿ ಉಸಿರೆಳೆದುಕೊಂಡೆ. "ಚೆನ್ನಾಗಿದೆ ಅಮ್ಮ. ಮನೇಲಿ ಬೆಣ್ಣೆ ಕಾಯ್ಸಿ ಮಾಡಿದ್ದು. ವೀಳ್ಯದೆಲೆ ಹಾಕಿದಾರೆ. ಒಂಚೂರು ಜಾಸ್ತಿ ಕೆಂಪಗಾಗಿದೆ."

ಅಮ್ಮ ತೊವ್ವೆ ಅನ್ನದ ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದಳು.

"ಇನ್ನೂ ಸ್ವಲ್ಪ ಹೇಳು," ಅಂದಳು.