ಗುಲಗಂಜಿ ಹುಳದ ಮರಿಗಳು

ಹದಿನೆಂಟು ವರ್ಷದಿಂದ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಗುಲಗಂಜಿ ಹುಳ ರೈತನ ಮಿತ್ರ, ಗಿಡದ ಹೇನು ತಿಂದು ಬದುಕುತ್ತದೆ ಎಂದು ಬೋರ್ಡಿನ ಮೇಲೆ ಬರೆದು, ಕೆಂಪು ಬೆನ್ನಿಗೆ ಕರಿ ಚುಕ್ಕೆ ಇಟ್ಟು ಚಿತ್ರ ಬಿಡಿಸಿದ್ದಕ್ಕೆ ಲೆಕ್ಕವಿಲ್ಲ. ಚಿಟ್ಟೆಯ ಮರಿ ಕಂಬಳಿಹುಳ ಎಂದು ಗೊತ್ತಿದ್ದ ನನಗೆ, ಗುಲಗಂಜಿ ಹುಳಕ್ಕೂ ಒಂದು ಬಾಲ್ಯ ಇರುತ್ತದೆ ಎಂದು ಒಮ್ಮೆಯೂ ಹೊಳೆಯಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಕೃಷ್ಣರಾಜಪೇಟೆಯಲ್ಲಿ ನಮ್ಮ ಹಿತ್ತಲಿಗೂ ಪಕ್ಕದ ಮನೆಯ ಹಿತ್ತಲಿಗೂ ನಡುವೆ ಇರುವುದು ಒಂದು ಮೋಟುಗೋಡೆ. ಆಚೆ ಮನೆಯವರನ್ನು ನಾನು ದೊಡ್ಡಮ್ಮ ಎನ್ನುತ್ತೇನೆ. ನನ್ನ ಅಮ್ಮನ ವಯಸ್ಸಿನವರು, ತವರು ಹೊಣಕೆರೆ ಕಡೆ. ಅವರ ಹಿತ್ತಲಲ್ಲಿ ಪ್ರತಿ ವರ್ಷ ಅವರೆ ಚಪ್ಪರ ಏಳುತ್ತಿತ್ತು. ಆ ಬೀಜವನ್ನು ಅವರವ್ವ ಮಡಿಲಕ್ಕಿಯ ಜೊತೆ ಗಂಟು ಕಟ್ಟಿ ಕಳಿಸಿದ್ದರಂತೆ. ತವರಿನಲ್ಲಿ ಈಗ ಅವ್ವನೂ ಇಲ್ಲ, ಆ ಬೀಜವೂ ಇಲ್ಲ. ಹೋದ ವರ್ಷ ಡಬ್ಬದ ಬೀಜಕ್ಕೆ ಕುಟ್ಟೆ ಹುಳ ಹಿಡಿದು, ಉಳಿದಿದ್ದ ಒಂದು ಹಿಡಿಯನ್ನೂ ದೊಡ್ಡಮ್ಮ ಊರಿಬಿಟ್ಟಿದ್ದರು.

ಹೂ ಬಿಡುವ ಹೊತ್ತಿಗೆ ಚಿಗುರು ಮುದುರತೊಡಗಿತು. ದೊಡ್ಡಮ್ಮ ಗೋಡೆಯ ಬಳಿ ನಿಂತು ಕರೆದರು. ಹೋಗಿ ಎಲೆ ಮಗುಚಿದೆ. ಕಪ್ಪಗೆ ಉದ್ದಕ್ಕಿದ್ದ ಹುಳಗಳು, ಮೈತುಂಬ ಮುಳ್ಳು, ಪಕ್ಕೆಯಲ್ಲಿ ಕಿತ್ತಳೆ ಮಚ್ಚೆ. ಪುಟಾಣಿ ಮೊಸಳೆಗಳ ಹಾಗಿದ್ದವು. ಸುತ್ತ ಮೆಣಸಿನ ಪುಡಿ ಉದುರಿಸಿದಂತೆ ಕರಿ ಚುಕ್ಕೆಗಳು. ಅದು ಹುಳದ ಹಿಕ್ಕೆ ಎಂದುಕೊಂಡೆ. ಕನ್ನಡಕ ಮನೆಯೊಳಗಿತ್ತು, ತರುವ ವ್ಯವಧಾನವೂ ಇರಲಿಲ್ಲ.

“ಚಿಗುರು ಹಾಳು ಮಾಡ್ತಿರೋದು ಇವೇ ದೊಡ್ಡಮ್ಮ. ಒಂದನ್ನೂ ಬಿಡ್ಬೇಡಿ,” ಎಂದೆ.

ದೊಡ್ಡಮ್ಮ ಹಿಂದೆ ಮುಂದೆ ನೋಡಿದರು. “ಈ ಹುಳನ ನಮ್ಮವ್ವ ಮುಟ್ಟಕ್ಕೆ ಬುಡ್ತಿರ್ನಿಲ್ಲ ಕಣ್ ಟೀಚ್ರಮ್ಮ. ಇರ್ಲಿ ಬುಡು ಅನ್ನೋಳು.”

ನಾನು ನಕ್ಕುಬಿಟ್ಟೆ. “ಆಗಿನ ಕಾಲದೋರಿಗೆ ಏನು ಗೊತ್ತಿತ್ತು ದೊಡ್ಡಮ್ಮ?”

“ಅದೂ ಸರಿಯೇ ಅನ್ನಿ. ಓದ್ದೋರು ನೀವು,” ಎಂದು ಅವರು ಒಪ್ಪಿದರು.

ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಹುಳ ಕೆರೆದು ಸೋಪಿನ ನೀರಿನ ಡಬ್ಬಕ್ಕೆ ಉದುರಿಸುವುದನ್ನು ನಾನೇ ತೋರಿಸಿಕೊಟ್ಟೆ. ನಾಲ್ಕು ದಿನ ಶಾಲೆಯಿಂದ ಬಂದವಳೇ ಡಬ್ಬ ಇಣುಕಿ ನೋಡಿ ಭೇಷ್ ಎಂದೆ.

ಆಮೇಲೆ ಮೋಡ ಮುಚ್ಚಿ ಚಳಿ ಹಿಡಿಯಿತು. ಕರಿ ಚುಕ್ಕೆಗಳು ಹಿಕ್ಕೆಯಾಗಿರಲಿಲ್ಲ, ಹೇನಾಗಿದ್ದವು. ತಿನ್ನುವವರಿಲ್ಲದೆ ಅವು ಹೂಗೊನೆ, ಎಳೆಗಾಯಿ, ಬಳ್ಳಿ ಎಲ್ಲಕ್ಕೂ ಮೆತ್ತಿಕೊಂಡು ರಸ ಹೀರಿದವು. ಬೂದಿ ಎರಚಿದ್ದಾಯಿತು, ಬೇವಿನೆಣ್ಣೆ ಹೊಡೆದದ್ದಾಯಿತು. ಒಂದು ಕಾಯಿಯೂ ಬಲಿಯದೆ ಚಪ್ಪರ ಒಣಗಿಹೋಯಿತು.

ನಿಜ ತಿಳಿದದ್ದು ನಮ್ಮ ಕಡೆಯ ದಾಸವಾಳದಲ್ಲಿ ಅಂಥದ್ದೇ ಒಂದು ಹುಳ ಕಂಡಾಗ. ಈ ಸಲ ಕನ್ನಡಕ ಹಾಕಿಕೊಂಡು ಕೂತೆ. ಅದು ಹೇನಿನ ಹಿಂಡಿಗೆ ನುಗ್ಗಿ, ಒಂದನ್ನು ಕಚ್ಚಿ ಹಿಡಿದು, ಹೀರಿ, ಸಿಪ್ಪೆ ಬಿಟ್ಟು ಮುಂದಿನದಕ್ಕೆ ಹೋಯಿತು. ಕೈಯಲ್ಲಿದ್ದ ಕಾಫಿ ಆರುವಷ್ಟರಲ್ಲಿ ಒಂದು ಮೊಗ್ಗು ಅರ್ಧ ಶುಚಿಯಾಗಿತ್ತು. ಎಲೆಗೆ ಬಾಯಿ ಹಾಕಲೇ ಇಲ್ಲ. ದಿನಾ ಹೋಗಿ ನೋಡಿದೆ. ಅದು ಎಲೆಗೆ ಅಂಟಿ ಕೋಶವಾಯಿತು, ಒಂದು ಬೆಳಿಗ್ಗೆ ಅದರಿಂದ ಕೆಂಪು ಬೆನ್ನಿಗೆ ಕರಿ ಚುಕ್ಕೆಯ ಹುಳ ಹೊರಬಂತು. ಎಂಥ ಅಚ್ಚುಕಟ್ಟಾದ ಬೇಟೆಗಾರ! ಮೆಚ್ಚಿಕೊಳ್ಳಲು ನನಗೆ ಮುಖವಿರಲಿಲ್ಲ. ಡಬ್ಬಗಟ್ಟಲೆ ಕೊಲ್ಲಿಸಿದವಳು ನಾನು.

ತಪ್ಪು ನನ್ನದು ಎಂದು ಹೇಳಿಬಿಡೋಣವೆಂದೇ ಆಚೆಗೆ ಹೋದೆ. ದೊಡ್ಡಮ್ಮ ಒಣ ಬಳ್ಳಿ ಕೀಳುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು ಮಾತು ತೆಗೆದರು.

“ಬೈಬ್ಯಾಡಿ ಟೀಚ್ರಮ್ಮ. ನಮ್ಮವ್ವನ ಮಾತು ಗ್ಯಾಪ್ಕ ಬಂದು ಎರಡು ಹುಳನ ಅಂಗೇ ಬುಟ್ಬುಟ್ಟಿದ್ದೆ. ಅದ್ಕೇ ಇಂಗಾಯ್ತು. ನೀವ್ ಯೋಳ್ದಂಗೆ ಎಲ್ಲಾನೂವೆ ಸಾಯ್ಸಿದ್ರೆ ಅವ್ವನ ಬೀಜ ಉಳ್ಕತಿತ್ತು.”

ನಾನೂ ಬಗ್ಗಿ ಒಂದು ಒಣ ಬಳ್ಳಿ ಕಿತ್ತೆ.

“ಹೋಗ್ಲಿ ಬಿಡಿ ದೊಡ್ಡಮ್ಮ, ಗೊತ್ತಿಲ್ದೆ ಮಾಡಿದ್ರಿ,” ಎಂದೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ನನಗೆ ಕೈ ಮುಗಿದರು.