ನಾಲ್ಕು ಗಂಟೆಯ ನಾಡಿ

ಅವರ ಬಲಗೈ ಬೆರಳುಗಳ ತುದಿ ಕೈ ತೊಳೆಯುವ ಕ್ರಿಮಿನಾಶಕ ಲೋಷನ್ನಿನಲ್ಲಿ ನೆನೆದೂ ನೆನೆದೂ ಬೆಳ್ಳಗೆ ಸುಲಿದುಹೋಗಿತ್ತು. ಆ ಬೆರಳುಗಳಿಂದಲೇ ನಮ್ಮ ಟ್ಯೂಟರ್ ಸಿಸ್ಟರ್ ಮೊದಲು ರೋಗಿಯ ಪಾದ ಮುಟ್ಟಿ ನೋಡುತ್ತಿದ್ದರು; ಆಮೇಲೆ ಮುಖ, ಕಟ್ಟಕಡೆಗೆ ಮಷಿನ್ನು. "ಮಷಿನ್ ಎಲ್ಲೂ ಓಡಿಹೋಗಲ್ಲ ಕಣ್ರೇ, ಮೊದ್ಲು ಮನುಷ್ಯನ್ನ ನೋಡಿ" ಎನ್ನುತ್ತಿದ್ದರು.

ಎಂಬತ್ತರ ದಶಕದ ಆರಂಭ. ಚಾಮರಾಜಪೇಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾಲ್ಕು ಹಾಸಿಗೆಗಳ ತೀವ್ರ ನಿಗಾ ಘಟಕ ಹೊಸದಾಗಿ ತೆರೆದಿತ್ತು. ವಾರ್ಡುಗಳಲ್ಲಿ ದುಡಿದು ಪಳಗಿದ್ದ ನಮ್ಮಂಥ ಆರು ಜನ ನರ್ಸುಗಳನ್ನು ಆರಿಸಿ ವಿಶೇಷ ತರಬೇತಿಗೆ ಹಾಕಿದರು. ಕಲಿಸಬೇಕಾಗಿದ್ದವರು ದೊಡ್ಡ ಡಾಕ್ಟರು. ಆ ಮಹಾನುಭಾವರು ಬಂದದ್ದು ಎರಡೇ ದಿನ, ಸ್ಲೈಡು ತೋರಿಸಿ ಕಾಫಿ ಕುಡಿದು ಹೋಗಲು. ಮಿಕ್ಕಿದ್ದೆಲ್ಲ ಕಲಿಸಿದವರು ಸಿಸ್ಟರ್, ಒಗೆದ ಬಟ್ಟೆ ಜೋಡಿಸಿಡುವ ಕೋಣೆಯಲ್ಲಿ, ಶೀಟುಗಳ ಗಂಟಿನ ಮೇಲೆ ನಮ್ಮನ್ನು ಕೂರಿಸಿಕೊಂಡು.

ಗಂಟಲಿಗೆ ಟ್ಯೂಬು ಹಾಕಿದವರ ಕಫ ಎಳೆಯುವುದೆಂದರೆ ನನಗೆ ಆಗುತ್ತಲೇ ಇರಲಿಲ್ಲ. ಆ ಲೋಳೆ, ಆ ಗೊರಗೊರ ಸದ್ದು, ಅಯ್ಯಪ್ಪಾ ಆ ವಾಸನೆ! ಬಸವನಗುಡಿಯ ಮಡಿ ಮನೆಯಲ್ಲಿ ಬೆಳೆದವಳು ನಾನು. ಒಂದು ದಿನ ನಾನು ಮುಖ ಸಿಂಡರಿಸಿದ್ದನ್ನು ಸಿಸ್ಟರ್ ನೋಡಿಬಿಟ್ಟರು.

"ಏನಮ್ಮಾ, ಅಸಹ್ಯಾನಾ? ಇದಕ್ಕಿಂತ ಹೊಲಸು ಬೇಕಾದಷ್ಟಿದೆ. ಅದಕ್ಕೂ ಸ್ವಲ್ಪ ಉಳಿಸ್ಕೋ."

ಆ ಹೊಲಸು ನನ್ನ ಕೈಯಲ್ಲೇ ಇತ್ತು. ಗಂಟೆಗೊಮ್ಮೆ ನಾಡಿ, ಬಿಪಿ, ಉಸಿರು ನೋಡಿ ಚಾರ್ಟಿನಲ್ಲಿ ಬರೆಯಬೇಕು. ನಾವೋ, ಮಧ್ಯಾಹ್ನ ಎರಡಕ್ಕೆ ಡ್ಯೂಟಿಗೆ ಬಂದವರೇ ಐದರವರೆಗಿನದನ್ನು ಅಂದಾಜಿನ ಮೇಲೆ ತುಂಬಿಟ್ಟು ಹಾಯಾಗಿರುತ್ತಿದ್ದೆವು. ರೌಂಡ್ಸಿಗೆ ಬರುವ ಡಾಕ್ಟರಿಗೂ ಚಾರ್ಟು ತುಂಬಿದ್ದರೆ ಸಾಕಿತ್ತು, ಗಡಿಯಾರ ಯಾರು ನೋಡುತ್ತಾರೆ?

ಮೂರನೆಯ ಹಾಸಿಗೆಯಲ್ಲಿ ಶಂಕರಪುರಂನ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಅವತ್ತು ನಾನು ಮೂಲೆಯಲ್ಲಿ ಹತ್ತಿ ಉಂಡೆ ಮಾಡುತ್ತ ಹರಟುತ್ತಿದ್ದೆ. ಒಳಗೆ ಬಂದ ಸಿಸ್ಟರ್ ಮೇಷ್ಟ್ರ ಪಾದ ಮುಟ್ಟಿದವರೇ ಬೆಚ್ಚಿದರು. ಪಾದ ತಣ್ಣಗಿತ್ತು, ತುಟಿ ನೀಲಿಗಟ್ಟಿತ್ತು. ಟ್ಯೂಬಿನಲ್ಲಿ ಕಫ ಗಟ್ಟಿಯಾಗಿ ಕಟ್ಟಿಕೊಂಡಿತ್ತು. "ಸಕ್ಷನ್ ತಗೊಂಡ್ಬಾರೇ!" ಎಂದು ಕೂಗಿ, ಕಫ ಎಳೆದೇ ಎಳೆದರು. ಮೇಷ್ಟ್ರು ಉಳಿದುಕೊಂಡರು.

ಆಮೇಲೆ ಚಾರ್ಟು ನೋಡಿದರು. ನಾಲ್ಕಾಗಲು ಇನ್ನೂ ಹತ್ತು ನಿಮಿಷವಿತ್ತು. ಚಾರ್ಟಿನಲ್ಲಿ ನಾಲ್ಕು ಗಂಟೆಯ ನಾಡಿ ಎಪ್ಪತ್ತೆಂಟು, ಉಸಿರಾಟ ಸರಾಗ ಎಂದು ನನ್ನ ಅಕ್ಷರದಲ್ಲಿತ್ತು.

"ನಾಲ್ಕು ಗಂಟೆಗೆ ಇವ್ರು ಇರ್ತಾರೋ ಇಲ್ವೋ ಗೊತ್ತಿಲ್ದೆ ನಾಡಿ ಬರೆದ್ಬಿಟ್ಯಲ್ಲೇ. ಥೂ!"

ಮರುವಾರ ತರಬೇತಿಗೆ ಮಾನ್ಯತೆ ಕೊಡುವ ಸಮಿತಿ ಬರುವುದಿತ್ತು. ಆ ಹಾಳೆ ಹರಿದು ಹೊಸದು ಬರೆಯಿರಿ ಎಂದು, ವಿಷಯ ತಿಳಿದ ಆಸ್ಪತ್ರೆಯ ಸೂಪರಿಂಟೆಂಡೆಂಟರು ಹೇಳಿದರು.

"ಹರಿಯೋದು ಬೇಡ ಸಾರ್. ಹರಿದ್ರೆ ನಾಳೆ ಇನ್ನೊಬ್ಳು ಹಿಂಗೇ ಬರೀತಾಳೆ" ಎಂದರು ಸಿಸ್ಟರ್.

"ಹಾಗಾದ್ರೆ ಈ ಹುಡುಗೀನ ಕೆಲಸದಿಂದ ತೆಗೀಬೇಕಾಗುತ್ತೆ."

ಮನೆಯಲ್ಲಿ ದುಡಿಯುತ್ತಿದ್ದವಳು ನಾನೊಬ್ಬಳೇ. ಸಿಸ್ಟರ್ ಪೆನ್ನು ತೆಗೆದು ನನ್ನ ಸುಳ್ಳಿನ ಕೆಳಗೆ ಬರೆದರು: "ನೋಡದೆ ಬರೆದದ್ದು. ಕಲಿಸಿದವಳು ನಾನು, ತಪ್ಪು ನನ್ನದು." ಸಹಿಯನ್ನೂ ಹಾಕಿದರು. ನನ್ನ ಕೆಲಸ ಉಳಿಯಿತು. ಅವರನ್ನು ಮಾರನೆಯ ದಿನವೇ ಹೊರರೋಗಿಗಳಿಗೆ ಇಂಜೆಕ್ಷನ್ ಚುಚ್ಚಲು ಕಳಿಸಿದರು.

ಸಮಿತಿ ಬಂತು. ಹಾರ, ಬಾದಾಮಿ ಹಾಲು, ಹಲ್ಲುಗಿಂಜುವಿಕೆ, ಎಲ್ಲ ಆಯಿತು. ಸಭೆಯಲ್ಲಿ ಸಮಿತಿಯವರೊಬ್ಬರು ನನ್ನನ್ನು ಎದ್ದು ನಿಲ್ಲಿಸಿ, ಟ್ಯೂಬು ಕಟ್ಟಿಕೊಂಡರೆ ಏನು ಮಾಡಬೇಕೆಂದು ಕೇಳಿದರು. ಪಟಪಟನೆ ಹೇಳಿದೆ.

"ಭೇಷ್! ಯಾರಮ್ಮಾ ಕಲಿಸಿದ್ದು?"

ಸೂಪರಿಂಟೆಂಡೆಂಟರು ನನ್ನನ್ನೇ ನೋಡುತ್ತಿದ್ದರು. "ಡಾಕ್ಟರು ಸಾರ್" ಎಂದೆ. ವೇದಿಕೆಯ ಮೇಲಿದ್ದ ದೊಡ್ಡ ಡಾಕ್ಟರು ಒಂದಿಷ್ಟೂ ನಾಚದೆ ತಲೆದೂಗಿದರು. ಬಾಗಿಲ ಬಳಿ ಸಿರಿಂಜಿನ ಟ್ರೇ ಹಿಡಿದು ಸಿಸ್ಟರ್ ನಿಂತಿದ್ದರು. ಛೀ! ಆ ತಲೆದೂಗಿದ್ದು ನೆನೆದರೆ ಇವತ್ತಿಗೂ ವಾಕರಿಕೆ ಬರುತ್ತದೆ. ನನ್ನ ನಾಲಿಗೆ ನೆನೆದರೆ ಇನ್ನೂ ಹೆಚ್ಚು.

ಆಮೇಲೆ ಕಾರಿಡಾರಿನಲ್ಲಿ ಎದುರಾದಾಗ ಸಿಸ್ಟರ್, "ಏನ್ ಮಾಡ್ಬೇಕು ಅಂತ ಸರಿಯಾಗಿ ಹೇಳ್ದೆ ಕಣೆ" ಎಂದಷ್ಟೇ ಹೇಳಿ ಹೋದರು. ಕ್ಷಮೆ ಕೇಳಲು ಇವತ್ತು ಹೋದರಾಯಿತು, ನಾಳೆ ಹೋದರಾಯಿತು ಎಂದು ವರ್ಷಗಳನ್ನೇ ತಳ್ಳಿದೆ. ಅಷ್ಟರಲ್ಲಿ ಅವರು ಕಾಮಾಲೆಯಾಗಿ ತೀರಿಕೊಂಡರು.

ಮುಂದೆ ಅದೇ ತರಬೇತಿಗೆ ನಾನೇ ಟ್ಯೂಟರ್ ಆದೆ. ಹೊಸ ತಂಡ ಬಂದಾಗಲೆಲ್ಲ ಮೊದಲ ದಿನ ಇದಿಷ್ಟನ್ನೂ ಹೇಳುತ್ತಿದ್ದೆ. ಒಮ್ಮೆ ಒಬ್ಬಳು ತಡೆಯಲಾರದೆ ಕೇಳಿಯೇಬಿಟ್ಟಳು: "ಇದನ್ನೆಲ್ಲ ಯಾಕ್ ಹೇಳ್ತೀರಾ ಮೇಡಂ? ನಿಮ್ಗೇ ಅವಮಾನ ಅಲ್ವಾ?"

"ಹೌದಮ್ಮಾ" ಎಂದೆ. "ಅವತ್ತು ಕೇಳಿದ್ರೂ ನಿಜ ಹೇಳ್ಲಿಲ್ಲ. ಈಗ ಯಾರೂ ಕೇಳ್ದೆ ಇದ್ರೂ ಹೇಳ್ತಿದೀನಿ."