ಕೈಗವಸಿನೊಳಗಿನ ಉಪ್ಪು

ದೃಷ್ಟಿ ಗಿಷ್ಟಿ ಎಂದರೆ ನನಗೆ ಮೊದಲಿನಿಂದಲೂ ನಗು. ನನ್ನನ್ನು ಹೆತ್ತ ಆಯಿ ಉಪ್ಪು, ಸಾಸಿವೆ, ಒಣಮೆಣಸು ಹಿಡಿದು ನನ್ನ ಮಗಳಿಗೆ ನಿವಾಳಿಸಿ ಒಲೆಗೆ ಹಾಕುವಾಗ, ಒಗ್ಗರಣೆಗಾದರೂ ಆಗುತ್ತಿತ್ತಲ್ಲ ಎಂದು ಛೇಡಿಸುತ್ತಿದ್ದೆ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ, ನೀವು ಏನು ಬೇಕಾದರೂ ಅಂದುಕೊಳ್ಳಿ.

ಎಂಬತ್ತರ ದಶಕದ ಕೊನೆಯ ಮಾತು. ಕಾರವಾರದಲ್ಲಿ ನನಗೆ ರಾತ್ರಿ ಪಾಳಿ. ಬೆಳಗಾಗುತ್ತಲೇ ಮೋಟಾರ್ ಸೈಕಲ್ ಹತ್ತಿ ಅಂಕೋಲೆಯ ಕಡೆ, ಶೆಟಗೇರಿಯ ಮನೆಗೆ ಹೊರಡುತ್ತಿದ್ದೆ. ಕರಾವಳಿಯಲ್ಲಿ ಎಂಥ ಚಳಿ ಎಂದು ನಗಬೇಡಿ. ಡಿಸೆಂಬರಿನ ಇಬ್ಬನಿಯಲ್ಲಿ ಗಾಡಿ ಓಡಿಸಿದವರಿಗೆ ಗೊತ್ತು, ಬೆರಳು ಮರಗಟ್ಟಿದರೆ ಬ್ರೇಕು ಹಿಡಿದಿದ್ದೇವೋ ಬಿಟ್ಟಿದ್ದೇವೋ ತಿಳಿಯುವುದಿಲ್ಲ. ಕೈಗವಸಿನೊಳಗೆ ಪೇಪರು ತುರುಕಿ ನೋಡಿದೆ, ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿ ನೋಡಿದೆ. ಕಡೆಗೆ ಅರ್ಗಾದ ಹತ್ತಿರ ಚಹಾ ಅಂಗಡಿಯಲ್ಲಿ ನಿಂತು, ಬಿಸಿ ಗ್ಲಾಸು ಎರಡೂ ಕೈಯಲ್ಲಿ ಹಿಡಿದು ಮುಂದೆ ಹೋಗುವುದು ರೂಢಿಯಾಯಿತು.

ಅಲ್ಲೇ ಒಂದು ಬೆಳಿಗ್ಗೆ ಸ್ಕೂಟರಿನವನೊಬ್ಬ ಪಕ್ಕಕ್ಕೆ ಬಂದು ನಿಂತ. ಗುರುತಿನವನಲ್ಲ. ನಾನು ಕೈ ಉಜ್ಜುವುದನ್ನು ನೋಡಿ ಜೇಬಿನಿಂದ ಬಟ್ಟೆಯ ಸಣ್ಣ ಗಂಟೊಂದನ್ನು ತೆಗೆದ.

"ಹುರಿದ ಉಪ್ಪು. ಕೈಗವಸಿನ ಒಳಗೆ ಇಟ್ಕಣಿ, ಬೆಚ್ಚಗಿರ್ತದೆ."

"ನಿಮ್ಗೆ ಬೇಡ್ವಾ?" ಎಂದೆ.

"ನಂದು ಆಯ್ತು," ಎಂದವನೇ ಗಂಟನ್ನು ನನ್ನ ಬಲ ಅಂಗೈಯಲ್ಲಿಟ್ಟು, ಹೇಳಿದ್ದ ಚಹಾ ಕುಡಿಯದೆ, ತಿರುಗಿಯೂ ನೋಡದೆ ಹೊರಟುಹೋದ.

ಒಳ್ಳೆಯ ಉಪಾಯ ಎನಿಸಿತು. ಅವರ್ಸಾ ದಾಟುವುದರೊಳಗೆ ಉಪ್ಪು ಆರಬೇಕಿತ್ತು. ಆರಲಿಲ್ಲ. ಮನೆ ಮುಟ್ಟಿದಾಗಲೂ ಈಗಷ್ಟೇ ಬಾಣಲೆಯಿಂದ ಇಳಿಸಿದ ಹಾಗಿತ್ತು. ನಾಲ್ಕು ವರ್ಷದ ಮಗಳು ಓಡಿಬಂದು ಕಸಿದುಕೊಂಡು ಕೆನ್ನೆಗೆ ಒತ್ತಿಕೊಂಡಳು. ಆಯಿ ಅದನ್ನು ಇಸಕೊಂಡು ಬಿಚ್ಚಿ ನೋಡಿದಳು. ಉಪ್ಪಿನ ಜೊತೆ ಸಾಸಿವೆ, ಒಣಮೆಣಸು.

ಮಧ್ಯಾಹ್ನಕ್ಕೆ ಮಗುವಿಗೆ ಜ್ವರ. ಡಾಕ್ಟರು ಔಷಧಿ ಕೊಟ್ಟರೂ ಸಂಜೆಗೆ ಮೈ ಕೆಂಡ, ಕರೆದರೆ ಕಣ್ಣು ಬಿಡುತ್ತಿಲ್ಲ. ಎಲ್ಲಿ ಕಳೆದುಕೊಳ್ಳುತ್ತೇವೋ ಎಂದು ಹೆದರಿಬಿಟ್ಟೆ. ಆಯಿ ಗಂಟನ್ನು ಮತ್ತೆ ಕಟ್ಟಿ ನನ್ನ ಮುಂದಿಟ್ಟಳು.

"ಇದು ಯಾರದೋ ಮನೆ ಮಗುವಿಗೆ ದೃಷ್ಟಿ ತೆಗೆದದ್ದು ತಮಾ. ಕೈಯಿಂದ ಬಂದದ್ದು ಕೈಯಿಂದ್ಲೇ ಹೋಗ್ಬೇಕು. ಬೆಳಿಗ್ಗೆ ಯಾರಿಗಾದ್ರೂ ಕೊಟ್ಟು ಬಾ."

ನಂಬಿಕೆಯಿಲ್ಲದ ನಾನೇ ಆ ರಾತ್ರಿಯ ಪಾಳಿಗೆ ರಜೆ ಹಾಕಿ, ಬೆಳಗಾಗುತ್ತಲೇ ಗಂಟು ಹಿಡಿದು ಹೋದೆ. ಅದೇ ಅಂಗಡಿಯ ಎದುರು ಒಬ್ಬ ಬೈಕು ನಿಲ್ಲಿಸಿಕೊಂಡು ಬೆರಳಿಗೆ ಬಾಯಿಂದ ಬಿಸಿ ಊದುತ್ತಿದ್ದ. ಟ್ಯಾಂಕಿನ ಮೇಲೆ ಟವೆಲು ಸುತ್ತಿಕೊಂಡ ಮಗುವೊಂದು ಅವನ ಎದೆಗೊರಗಿ ನಿದ್ದೆ ಹೋಗಿತ್ತು. ನನ್ನ ಕೈ ಅರ್ಧ ಮುಂದೆ ಹೋಗಿಯಾಗಿತ್ತು.

"ಎಂತದು?" ಎಂದು ಅವನು ಅಂಗೈ ಚಾಚಿದ.

"ಏನಿಲ್ಲ," ಎಂದೆ. ಸಮುದ್ರದ ಕಡೆ ಇಳಿದು ಗಂಟನ್ನು ನೀರಿಗೆ ಎಸೆದೆ. ಇನ್ನೂ ಬಿಸಿಯಿತ್ತು.

ಮನೆಗೆ ಬಂದರೆ ಮಗಳು ಕೂತು ಗಂಜಿ ಉಣ್ಣುತ್ತಿದ್ದಳು. ಔಷಧಿ ಹಿಡಿದಿರಬೇಕು. ಯಾರಿಗೆ ಕೊಟ್ಟೆ ಎಂದು ಆಯಿ ಕೇಳಿದಳು. ಸಮುದ್ರಕ್ಕೆ ಎಂದೆ. ಅವಳು ನನ್ನ ಬಲ ಅಂಗೈ ಮುಟ್ಟಿ ನೋಡಿದಳು. ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಆಮೇಲೆ ಎಷ್ಟೋ ಚಳಿಗಾಲ ಅದೇ ರಸ್ತೆಯಲ್ಲಿ ಓಡಾಡಿದೆ. ಎಡಗೈ ಮರಗಟ್ಟುತ್ತದೆ, ಬಲಗೈ ಬಿಸಿಯಾಗೇ ಇರುತ್ತದೆ. ಹೆಂಡತಿ ಮುಟ್ಟಿ ನೋಡಿ ಎರಡೂ ಒಂದೇ ಎನ್ನುತ್ತಾಳೆ. ಇರಬಹುದು. ನನಗಂತೂ ಇದರ ತಲೆಬುಡ ಇವತ್ತಿಗೂ ಅರ್ಥವಾಗಿಲ್ಲ.

ಮೊನ್ನೆ ಮಗಳು ತನ್ನ ಕೂಸನ್ನು ತಂದು ನನ್ನ ತೊಡೆಯ ಮೇಲೆ ಮಲಗಿಸಿ, ತಲೆ ಮೇಲೆ ಕೈಯಿಟ್ಟು ಹರಸು ಎಂದಳು. ನಾನು ಎಡಗೈ ಇಟ್ಟೆ. ಅವಳ ಮುಖ ಬಾಡಿತು.